ಸಂದರ್ಶನದ ಬಾಗಿಲಲ್ಲಿ ಎದೆ ಡವಡವ

ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಶಿಕ್ಷಣ ಸಂಸ್ಥೆಗಳಿರುವ ಊರು. ಇಲ್ಲಿ ಓದಿದ ಎಷ್ಟೋ ಯುವಕ-ಯುವತಿಯರು ಕೆಲಸದ ಸಂದರ್ಶನಕ್ಕೆಂದು ಹಾವೇರಿ, ಹುಬ್ಬಳ್ಳಿ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಂಕಗಳಿಗೆ ಕೊರತೆಯಿಲ್ಲ, ವಿಷಯವೂ ಗೊತ್ತು. ಆದರೆ ಮೇಜಿನಾಚೆ ಕುಳಿತವರನ್ನು ಕಂಡೊಡನೆ ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಕಲಿತದ್ದು ನೆನಪಿಗೆ ಬರುವುದಿಲ್ಲ. 'ನಮ್ಮ ಹುಡುಗನಿಗೆ ಧೈರ್ಯ ಸಾಲದು' ಎಂದು ಮನೆಯವರು ನೊಂದುಕೊಳ್ಳುತ್ತಾರೆ. ನಿಜಕ್ಕೂ ಇದು ಧೈರ್ಯಕ್ಕಿಂತ ದೇಹಧರ್ಮದ ಮಾತು.

ದೇಹದಲ್ಲಿ ಆಗುವುದೇನು?

ಅಪಾಯವೆಂದು ಮೆದುಳಿಗೆ ಅನ್ನಿಸಿದರೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಜೊಲ್ಲು ಕಡಿಮೆಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನೂ ಹೆಚ್ಚುತ್ತದೆ. ಹುಲಿ ಎದುರಾದರೂ ಇದೇ, ಸಂದರ್ಶಕರು ಎದುರಾದರೂ ಇದೇ.

ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲಿ ಒತ್ತಡವನ್ನು ಅಳೆಯುವ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಒತ್ತಡ ಹುಟ್ಟಿಸಲು ಅವರು ಆರಿಸಿಕೊಂಡದ್ದು ಅಣಕು ಉದ್ಯೋಗ ಸಂದರ್ಶನವನ್ನೇ! ಕೆಲಸ ಕೇಳಿಬಂದವರಂತೆ ಸಮಿತಿಯ ಮುಂದೆ 5 ನಿಮಿಷ ಮಾತನಾಡಬೇಕು, ನಂತರ 5 ನಿಮಿಷ ಬಾಯಿಲೆಕ್ಕ ಮಾಡಬೇಕು. ಭಾಗವಹಿಸಿದವರ ಕಾರ್ಟಿಸಾಲ್ 2ರಿಂದ 4 ಪಟ್ಟು ಏರಿತು. ಅಂದಮೇಲೆ ಸಂದರ್ಶನದಲ್ಲಿ ನಡುಗುವುದು ನಾಚಿಕೆಯ ವಿಷಯವಲ್ಲ.

ಅಳುಕೂ ಬೇಕು

ಹದವಾದ ಅಳುಕು ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಅತಿಯಾದರೆ ಕೆಡಿಸುತ್ತದೆ. 2014ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಅವರ ಅಧ್ಯಯನದಲ್ಲಿ, ಭಾಷಣಕ್ಕೆ ಮುನ್ನ 'ನನಗೆ ಉತ್ಸಾಹವಾಗಿದೆ' ಎಂದು ಬಾಯಿಬಿಟ್ಟು ಹೇಳಿಕೊಂಡವರು, 'ನಾನು ಶಾಂತವಾಗಿದ್ದೇನೆ' ಎಂದವರಿಗಿಂತ ಚೆನ್ನಾಗಿ ಮಾತನಾಡಿದರು. ಎದೆ ಹೊಡೆದುಕೊಳ್ಳುವುದನ್ನು ಹತ್ತಿಕ್ಕುವ ಬದಲು ಅದಕ್ಕೆ ಬೇರೆ ಹೆಸರಿಡುವುದು ಸುಲಭ.

ಹೀಗೆ ಮಾಡಿ

* ಪುಸ್ತಕ ಓದಿದರೆ ಸಾಲದು, ಗಟ್ಟಿಯಾಗಿ ಉತ್ತರಿಸಿ ರೂಢಿ ಮಾಡಿಕೊಳ್ಳಿ. ಊರಿನ ಮೇಷ್ಟ್ರನ್ನೋ ಪರಿಚಿತ ಹಿರಿಯರನ್ನೋ ಎದುರಿಗೆ ಕೂರಿಸಿಕೊಂಡು ಮೂರ್ನಾಲ್ಕು ಸಲ ಉತ್ತರ ಹೇಳಿ. ದೇಹಕ್ಕೂ ಅಭ್ಯಾಸವಾಗುತ್ತದೆ.

* ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ನೇರವಾಗಿ ಸಂದರ್ಶನಕ್ಕೆ ಹೋಗಬೇಡಿ. ಸಾಧ್ಯವಾದರೆ ಹಿಂದಿನ ದಿನವೇ ತಲುಪಿ ಮಲಗಿ.

* ಖಾಲಿ ಹೊಟ್ಟೆ ಬೇಡ, ಬಸ್‌ಸ್ಟ್ಯಾಂಡಿನ ಮಿರ್ಚಿಯೂ ಬೇಡ. ಇಡ್ಲಿ, ಅವಲಕ್ಕಿ, ಉಪ್ಪಿಟ್ಟು ಸಾಕು. ಮೇಲಿಂದ ಮೇಲೆ ಚಹಾ, ಕಾಫಿ ಕುಡಿದರೆ ಎದೆಬಡಿತ ಹೆಚ್ಚೀತು.

* ಸರದಿಗೆ ಕಾಯುವಾಗ ಮೆಲ್ಲಗೆ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಐದು ನಿಮಿಷದಲ್ಲಿ ಹಗುರವೆನಿಸುತ್ತದೆ.

* ಪ್ರಶ್ನೆಯನ್ನು ಪೂರ್ತಿ ಕೇಳಿ, ಒಂದು ಕ್ಷಣ ತಡೆದು ಉತ್ತರಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ. ಹತ್ತಾರು ಅಭ್ಯರ್ಥಿಗಳ ನಡುವೆ ನೆನಪಿನಲ್ಲಿ ಉಳಿಯುವುದು ಇಂಥ ನೇರ ಮಾತೇ.

* ನಡುಕ ತಡೆಯಲೆಂದು ಗೆಳೆಯರು ಕೊಟ್ಟ ಮಾತ್ರೆ ನುಂಗಬೇಡಿ. ಇದಕ್ಕೆ ಬಳಸುವ ಪ್ರೊಪ್ರನಾಲಾಲ್ ಆಸ್ತಮಾ ಇರುವವರಿಗೆ ಅಪಾಯಕಾರಿ.

ಮನೆಯವರಿಗೆ ಒಂದು ಮಾತು

ಸಂದರ್ಶನ ಮುಗಿದ ಕೂಡಲೇ ಫೋನು ಮಾಡಿ 'ಏನು ಕೇಳಿದ್ರು, ಕೆಲಸ ಸಿಗ್ತದೇನು?' ಎನ್ನುವ ಮೊದಲು 'ಊಟ ಆತೇನು?' ಎಂದು ಕೇಳಿ. ಇಡೀ ಮನೆಯ ಸಾಲ, ತಂಗಿಯ ಮದುವೆ ಎಲ್ಲವೂ ತನ್ನೊಬ್ಬನ ಉತ್ತರದ ಮೇಲೆಯೇ ನಿಂತಿದೆ ಎಂದುಕೊಂಡವನ ನಾಲಿಗೆ ಹೊರಳುವುದಾದರೂ ಹೇಗೆ?

ಸಂದರ್ಶನವೆಂದರೆ ಹಲವು ದಿನ ನಿದ್ದೆ ಬಾರದಿದ್ದರೆ, ಬಂದ ಕರೆಗಳನ್ನೇ ತಪ್ಪಿಸಿಕೊಳ್ಳುತ್ತಿದ್ದರೆ, 'ಬದುಕಿ ಏನು ಫಲ' ಎಂಬ ಮಾತು ಬಾಯಲ್ಲಿ ಬಂದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು. ಈ ಸಂದರ್ಶನ ತಪ್ಪಿದರೆ ಇನ್ನೊಂದು ಬಂದೀತು. ಮಕ್ಕಳ ಆರೋಗ್ಯ ಮೊದಲು.