ಹೊಸ ಮನೆ: ಹೆಚ್ಚುವರಿ ಕೆಲಸಗಳ ಆಯ್ಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಗುತ್ತಿಗೆದಾರರಿಂದ ಮನೆ ಕಟ್ಟಿಸುವ ವರ್ತಕರು, ಕರಾರಿನ ಹೊರಗಿನ ಹೆಚ್ಚುವರಿ ಕೆಲಸಗಳ ವೆಚ್ಚವು ಬಹುಮಟ್ಟಿಗೆ ವ್ಯಾಪಾರದ ದುಡಿಯುವ ಬಂಡವಾಳವನ್ನೇ ತಗ್ಗಿಸುತ್ತದೆಂಬುದನ್ನು ಗಮನಿಸಬೇಕು. ವಾಸದ ಮನೆಗೆ ತೆತ್ತ ಜಿ.ಎಸ್.ಟಿ.ಯು ವ್ಯಾಪಾರದ ಲೆಕ್ಕದಲ್ಲಿ ಇನ್‌ಪುಟ್ ತೆರಿಗೆ ಜಮೆಯಾಗಿ ದೊರೆಯುವುದಿಲ್ಲ.

ಆದುದರಿಂದ ಗೋಡೆ ಹಾಗೂ ನೆಲದೊಳಗೆ ಅಡಗುವ ಕೆಲಸಗಳಿಗೆ ಆದ್ಯತೆ ಸಲ್ಲಬೇಕು: ಹೆಚ್ಚಿನ ವಿದ್ಯುತ್ ಪಾಯಿಂಟುಗಳು, ಸೋಲಾರ್ ವಾಟರ್ ಹೀಟರಿನ ಪೈಪು, ದೊಡ್ಡ ಸಂಪು, ಮಳೆನೀರಿನ ಕೊಳವೆ. ಇವನ್ನು ಮುಂದೆ ಮಾಡಿಸಹೊರಟರೆ ಗೋಡೆ, ನೆಲಗಳನ್ನು ಒಡೆಯಬೇಕಾಗುತ್ತದೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಸಂಪಿನ ಮಹತ್ವ ಹೆಚ್ಚು. 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಸುರಿದರೆ 1,000 ಲೀಟರ್ ನೀರು ಬೀಳುತ್ತದೆ.

ಫಾಲ್ಸ್ ಸೀಲಿಂಗ್, ವಾರ್ಡ್‌ರೋಬ್, ಅಲಂಕಾರಿಕ ಬಣ್ಣಗಳನ್ನು ಮುಂದೆ, ಕೈಯಲ್ಲಿ ಹಣವಿದ್ದಾಗ ಮಾಡಿಸಬಹುದು. ಒಪ್ಪಿಕೊಂಡ ಪ್ರತಿಯೊಂದು ಕೆಲಸದ ಅಳತೆ, ದರ, ಸಾಮಗ್ರಿಯ ದರ್ಜೆಗಳನ್ನು ಕೆಲಸ ಆರಂಭಿಸುವ ಮೊದಲೇ ಬರೆಯಿಸಿ, ಉಭಯತರ ಸಹಿ ಪಡೆಯುವುದು ಕ್ಷೇಮ.