ಊರೂರು ಸುತ್ತುವ ತಂತ್ರಾಂಶ: ವ್ಯವಹಾರಕ್ಕೆ ಒದಗೀತೆ?

ಮಲ್ಲಿಪಟ್ಟಣದ ವರ್ತಕರೊಬ್ಬರು ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮುಸುಕಿನ ಜೋಳದ ಧಾರಣೆ ತಿಳಿಯಬೇಕಾದರೆ ಪ್ರತಿ ಪೇಟೆಗೂ ದೂರವಾಣಿ ಮಾಡಿ ವಿಚಾರಿಸಬಹುದು. ಇಲ್ಲವೆ ನಂಬಿಕಸ್ಥ ಗುಮಾಸ್ತನ ಕೈಗೆ ಚೀಟಿ ಕೊಟ್ಟು, ಮೂರೂ ಕಡೆ ನೋಡಿ ಇಷ್ಟರೊಳಗೆ ದೊರೆತರೆ ಖರೀದಿಸಿ ಬಾ ಎಂದು ಕಳುಹಿಸಬಹುದು. ಗಣಕಜಾಲದಲ್ಲಿ ಈ ಗುಮಾಸ್ತನ ಪಾತ್ರ ವಹಿಸುವುದೇ ಸಂಚಾರಿ ಏಜೆಂಟ್. ತನ್ನ ಸೂಚನೆಗಳನ್ನೂ ಅಲ್ಲಿಯವರೆಗಿನ ಲೆಕ್ಕವನ್ನೂ ಹೊತ್ತು ಅದು ಗಣಕದಿಂದ ಗಣಕಕ್ಕೆ ಸಾಗುತ್ತದೆ. ಕೆಲಸ ಮುಗಿಸಿ ಮರಳುತ್ತದೆ.

ದೂರವಾಣಿ ತಂತಿಯ ಮೂಲಕ ಅಂತರಜಾಲ ಆಮೆಯಂತೆ ತೆವಳುತ್ತಿದ್ದ ಕಾಲದಲ್ಲಿ ಈ ಕಲ್ಪನೆ ಬಹಳ ಆಕರ್ಷಕವಾಗಿತ್ತು. ಜನರಲ್ ಮ್ಯಾಜಿಕ್ ಸಂಸ್ಥೆಯ ಟೆಲಿಸ್ಕ್ರಿಪ್ಟ್ ಭಾಷೆಯನ್ನು ಆಧರಿಸಿ ಎಟಿ ಅಂಡ್ ಟಿ 1994ರಲ್ಲಿ ಆರಂಭಿಸಿದ ಪರ್ಸನಾಲಿಂಕ್ ಸೇವೆ 1996ರಲ್ಲಿಯೇ ಮುಚ್ಚಿತು. ಐಬಿಎಂ ಸಂಸ್ಥೆಯ ಟೋಕಿಯೊ ಪ್ರಯೋಗಾಲಯ ರೂಪಿಸಿದ ಆಗ್ಲೆಟ್ಸ್ ಕೂಡ ಸಂಶೋಧಕರ ವಲಯವನ್ನು ದಾಟಿ ಪೇಟೆಯಲ್ಲಿ ಬೇರೂರಲಿಲ್ಲ. ಇದರ ಒಂದೊಂದು ಅನುಕೂಲವನ್ನೂ ಬಹುಮಟ್ಟಿಗೆ ಬೇರೆ ಸರಳ ವಿಧಾನಗಳಿಂದಲೇ ಪಡೆಯಬಹುದೆಂದು ಐಬಿಎಂನ ಸಂಶೋಧಕರೇ 1995ರಷ್ಟು ಹಿಂದೆ ವರದಿ ನೀಡಿದ್ದರು.

ತೊಡಕಿರುವುದು ವೇಗದಲ್ಲಲ್ಲ, ನಂಬಿಕೆಯಲ್ಲಿ. ಅಪರಿಚಿತ ತಂತ್ರಾಂಶವನ್ನು ತನ್ನ ಗಣಕದೊಳಗೆ ಬಿಟ್ಟುಕೊಳ್ಳಲು ಯಾವ ಮಂಡಿಯವನೂ ಒಪ್ಪಲಾರ. ವೈರಸ್ಸಿಗೂ ಅದಕ್ಕೂ ಬಾಗಿಲಲ್ಲಿ ವ್ಯತ್ಯಾಸ ಕಾಣದು. ಬಿಟ್ಟುಕೊಂಡನೆನ್ನೋಣ. ಆಗ ಕಷ್ಟ ಕಳುಹಿಸಿದವನದು. ಏಜೆಂಟ್ ಓಡುವುದು ಎದುರಾಳಿಯ ಯಂತ್ರದಲ್ಲಿ. ಅದು ಹೊತ್ತ ಗರಿಷ್ಠ ಬೆಲೆಯ ಗುಟ್ಟನ್ನು ಆ ಯಂತ್ರದ ಒಡೆಯ ತೆರೆದು ಓದಬಲ್ಲ. ಗುಮಾಸ್ತನಾದರೆ ಬಾಯಿ ಬಿಗಿಹಿಡಿದಾನು!

ನಮ್ಮ ರಾಜ್ಯದ ಅನುಭವ ಬೇರೆಯೇ ದಾರಿ ಹಿಡಿಯಿತು. ಭೂಮಿ ಯೋಜನೆಯಲ್ಲಿ ಪಹಣಿಗಳು ಆರಂಭದಲ್ಲಿ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿದ್ದವು. ಅವುಗಳನ್ನು ಜೋಡಿಸುವಾಗ ಮಾಹಿತಿ ಕೇಂದ್ರದತ್ತ ಸಾಗಿತೇ ಹೊರತು ತಂತ್ರಾಂಶ ತಾಲ್ಲೂಕು ಸುತ್ತಲಿಲ್ಲ. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯೂ ಹಾಗೆಯೇ: ವರ್ತಕರ ಬಿಡ್ಡುಗಳೇ ಒಂದೆಡೆ ಬಂದು ಸೇರುತ್ತವೆ.

ಆದರೂ ಮೂಲ ವಿಚಾರ ಸತ್ತಿಲ್ಲ. ಬೃಹತ್ ದತ್ತಾಂಶವಿದ್ದಲ್ಲಿಗೆ ತಂತ್ರಾಂಶವನ್ನೇ ಕಳುಹಿಸುವ ಕ್ರಮವನ್ನು ಹಡೂಪ್ ರೂಢಿಗೆ ತಂದಿತು. ಅಲ್ಲಿ ಎಲ್ಲ ಗಣಕಗಳೂ ಒಬ್ಬನೇ ಯಜಮಾನನವು. ಆದ್ದರಿಂದಲೇ ಅದು ನಡೆಯಿತು. ಹಲವು ಗೋದಾಮುಗಳುಳ್ಳ ತಯಾರಕರಿಗೆ ಈ ಮಟ್ಟಿಗೆ ಪ್ರಯೋಜನವುಂಟು.

ಇದಕ್ಕೂ ಮೀರಿ, ಪರರ ಗಣಕಗಳಲ್ಲಿ ಸಂಚರಿಸಿ ಖರೀದಿ ಮಾಡುವ ತಂತ್ರಾಂಶವನ್ನು ಯಾರಾದರೂ ಮಾರಲು ಬಂದರೆ, ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಎರಡನೆಯ ಪೇಟೆಯಲ್ಲಿ ಸಂಪರ್ಕ ಕಡಿದು ಏಜೆಂಟ್ ಮರಳದಿದ್ದರೆ, ಸರಕು ಖರೀದಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತಿಳಿಯದೆ ಇನ್ನೊಂದು ಏಜೆಂಟನ್ನು ಕಳುಹಿಸಿದರೆ, ಎರಡು ಲಾರಿ ಜೋಳ ಬಂದಿಳಿದಾಗ ಬಿಲ್ಲು ಕಟ್ಟುವವರು ಯಾರು?