ವಿದ್ಯುತ್ ಯೋಜನೆಗಳ ಅಹವಾಲು ಸಭೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಸದಸ್ಯರು ಕುರೆಕುಪ್ಪ, ತೋರಣಗಲ್ಲು ಕಳೆದ ಮೇಲೆ ಕುಡತಿನಿ ಶಾಖೋತ್ಪನ್ನ ಸ್ಥಾವರದ ಚಿಮಣಿಗಳನ್ನು ನೋಡಿರಬಹುದು. 1,700 ಮೆಗಾವಾಟಿನ ಈ ಸ್ಥಾವರ ಕರ್ನಾಟಕ ವಿದ್ಯುತ್ ನಿಗಮದ್ದು. ಸಕಲೇಶಪುರದ ಕಾಫಿ, ಏಲಕ್ಕಿ ಸೀಮೆಗೆ 200 ಮೆಗಾವಾಟಿನ ಗುಂಡ್ಯ ಯೋಜನೆ ತರಹೊರಟದ್ದೂ, ಶರಾವತಿ ಕಣಿವೆಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ತರಹೊರಟದ್ದೂ ಇದೇ ನಿಗಮವೇ. ಬಯಲುಸೀಮೆಯ ಕಲ್ಲಿದ್ದಲಿಗಾಗಲಿ ಮಲೆನಾಡಿನ ಹೊಳೆಗಾಗಲಿ ಪರಿಸರ ಅನುಮತಿಯ ಮೂಲ ನಿಯಮ ಒಂದೇ, ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ.

ಇದರಲ್ಲಿ ದೊಡ್ಡ ಸಡಿಲು ಇರುವುದು ವರದಿಯಲ್ಲಿ. ಯೋಜನೆಯಿಂದ ಏನೇನು ಹಾನಿ ಎಂದು ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಯೋಜನೆಯ ಮಾಲೀಕರೇ. ಅಡಿಕೆ ಕೊಳ್ಳುವ ವ್ಯಾಪಾರಿಯೇ ತೂಕದವನಿಗೆ ಸಂಬಳ ಕೊಟ್ಟ ಹಾಗೆ! ಅನುಮತಿಯ ಷರತ್ತುಗಳನ್ನು ಪಾಲಿಸುತ್ತಿದ್ದೇವೆಂದು ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸುವವರೂ ಅವರೇ. ಪೂರ್ತಿ ವರದಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. ನಮ್ಮ ತೋಟದ ಮೇಲಿನ ಒರತೆ, ಫೆಬ್ರವರಿಯಿಂದ ಮೇವರೆಗೆ ಹಳ್ಳದಲ್ಲಿ ಉಳಿಯುವ ನೀರು, ಸುರಂಗದ ಮಣ್ಣು ಸುರಿಯುವ ಜಾಗ, ಇಂಥವು ಆ ಸಾರಾಂಶದಲ್ಲಿ ಇವೆಯೇ ಎಂದು ಮೊದಲು ನೋಡಬೇಕು.

ಇನ್ನು 25 ಮೆಗಾವಾಟಿಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಈ ಅನುಮತಿಯೇ ಬೇಕಿಲ್ಲ. ಒಂದೇ ಹಳ್ಳಕ್ಕೆ ಇಂಥ ಮೂರು ಬಂದರೂ ಒಂದೊಂದೂ ಸಣ್ಣದೆಂದೇ ಲೆಕ್ಕ. ಹಳ್ಳಕ್ಕೆ ಮಾತ್ರ ಆ ಲೆಕ್ಕ ಗೊತ್ತಿಲ್ಲ.

ಗುಂಡ್ಯ ಯೋಜನೆಯ ಅಹವಾಲು ಸಭೆ 2009ರಲ್ಲಿ ಹೊಂಗಡಹಳ್ಳದಲ್ಲಿ ನಡೆಯಿತು. ಅನುಮತಿ ಕೊಡಬಾರದೆಂದು 2011ರಲ್ಲಿ ಸ್ಪಷ್ಟವಾಗಿ ಹೇಳಿದ್ದು ಮಾಧವ ಗಾಡ್ಗೀಳರ ಸಮಿತಿ. ಆದರೆ ಅದು ಪಶ್ಚಿಮಘಟ್ಟಕ್ಕೆಂದು ಪ್ರತ್ಯೇಕವಾಗಿ ನೇಮಕವಾದ ಸಮಿತಿ, ಮಾಮೂಲು ಅನುಮತಿಯ ಮೆಟ್ಟಿಲಲ್ಲ. ಪ್ರತಿ ಊರಿಗೂ ಅಂಥದೊಂದು ಸಮಿತಿ ಬರುವುದಿಲ್ಲ.

ಆದ್ದರಿಂದ ನಮಗೆ ಉಳಿದಿರುವುದು ಅಹವಾಲು ಸಭೆ. ಅದಕ್ಕೆ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಸಭೆಗೆ ಕೋರಂ ಇಲ್ಲ. ಹತ್ತು ಜನ ಬಂದರೂ ಸಭೆ ಸಭೆಯೇ. ಕಾಫಿ ಕೊಯ್ಲಿನ ದಿನವೆಂದು ಮನೆಯಲ್ಲಿ ಉಳಿದರೆ ವಿರೋಧವಿಲ್ಲವೆಂದೇ ಓದಿಕೊಳ್ಳುತ್ತಾರೆ. ಅಧ್ಯಕ್ಷತೆ ಜಿಲ್ಲಾಧಿಕಾರಿಗಳದು ಅಥವಾ ಅವರ ಪ್ರತಿನಿಧಿಯದು, ವ್ಯವಸ್ಥೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಭಾಷಣ ಎಷ್ಟೇ ಜೋರಾಗಿದ್ದರೂ ದೆಹಲಿಗೆ ಹೋಗುವುದು ಕಾಗದ. ಸರ್ವೆ ನಂಬರು, ಬೆಳೆ, ನೀರಿನ ಮೂಲ ನಮೂದಿಸಿ ಲಿಖಿತ ಆಕ್ಷೇಪಣೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಕೊನೆಗೆ ನಡವಳಿಯ ಸಾರಾಂಶವನ್ನು ಸಭೆಯಲ್ಲೇ ಕನ್ನಡದಲ್ಲಿ ಓದಿ ಹೇಳಬೇಕೆಂದು ನಿಯಮವಿದೆ. ಅದು ಆಗುವವರೆಗೆ ಏಳಬೇಡಿ. ಬಿಟ್ಟುಹೋದದ್ದನ್ನು ಅಲ್ಲೇ ಸೇರಿಸಲು ಕೇಳಿ.

ಅನುಮತಿ ಕೊಟ್ಟುಬಿಟ್ಟರೆ ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಗಡುವು. ತಕ್ಕ ಕಾರಣವಿದ್ದರೆ ಇನ್ನು 60 ದಿನ ಸಿಗಬಹುದು, ಆಮೇಲೆ ಇಲ್ಲ. ಸ್ವೀಕೃತಿಯ ಒಂದು ಪ್ರತಿಯನ್ನು ಸಂಘದ ಕಚೇರಿಗೂ ತಲುಪಿಸಿ, ಕಡತದಲ್ಲಿ ಇಟ್ಟಿರುತ್ತೇವೆ.